ತೇಲಿದ ಮೀನಿನ ಪಾಠ

ಹಂಸ ಮೇಡಂಗೆ ನಾಲ್ಕು ಗೋಡೆಯೊಳಗೆ ವಿಜ್ಞಾನ ಹೇಳಿಕೊಡುವುದೆಂದರೆ ಆಗದು. ರಾಟೆಯ ಪಾಠಕ್ಕೆ ಕಟ್ಟಡ ಕೆಲಸದ ಜಾಗ, ಹಿಟ್ಟು ಹುಳಿಯುವ ಪಾಠಕ್ಕೆ ಪುಲಿಕೇಶಿನಗರದ ಬೇಕರಿ. ಕೆ.ಆರ್. ಪುರದ ಆಚೆಯ ಆ ಸರ್ಕಾರಿ ಶಾಲೆಯ ಹೆಡ್ ಮಾಸ್ಟರ್ ರಾಮಾಂಜಿನಪ್ಪ, ಈಕೆ ಮಕ್ಕಳಿಗೆ ಪಾಠ ಮಾಡುತ್ತಾಳೋ ಕುರಿ ಮೇಯಿಸುತ್ತಾಳೋ ಎಂದು ಗೊಣಗಿದರೂ ತಡೆದವರಲ್ಲ. ಮಕ್ಕಳಂತೂ ಅವಳೆಂದರೆ ಪ್ರಾಣ ಬಿಡುತ್ತಿದ್ದರು. ರಾಯಚೂರು, ಗುಲ್ಬರ್ಗದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ಮೇಡಂ ಹೇಳಿದ್ದೇ ಅವರಿಗೆ ವೇದವಾಕ್ಯ.

ಹಂಸ ಆ ಊರಿನವಳೇ. ಅವಳ ತಾತನ ಗದ್ದೆ ಇದ್ದದ್ದು ಊರ ಕೆರೆಯ ಕೆಳಗೆ. ಈಗ ಕೆರೆಯ ಸುತ್ತಲೂ ಸೈಟು, ಶೆಡ್ಡು, ಸಣ್ಣ ಕಾರ್ಖಾನೆ. ದೊಡ್ಡ ಮಳೆಯಾದ ಮಾರನೆಯ ದಿನ ಕೆರೆಯಲ್ಲಿ ಮೀನು ಸತ್ತು ತೇಲಿದರೆ ಅದು ಗಂಗಮ್ಮನ ಮುನಿಸು, ಮುಟ್ಟಕೂಡದು ಎಂಬುದು ಅವಳ ಅಜ್ಜಿ ಅಣ್ಣಮ್ಮನ ಕಟ್ಟಪ್ಪಣೆ. ಬಿ.ಎಸ್ಸಿ. ಓದಿದ ಮೊಮ್ಮಗಳಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ಆ ವರ್ಷ ಶಾಲೆ ತೆರೆದ ವಾರವೇ ಧೋ ಎಂದು ಮಳೆ ಸುರಿಯಿತು. ಬೆಳಿಗ್ಗೆ ಕೆರೆಯ ತುಂಬ ಮೀನು ತೇಲಿದವೆಂಬ ಸುದ್ದಿ ಬಂದದ್ದೇ ತಡ, ಹಂಸ ಏಳನೇ ಕ್ಲಾಸನ್ನು ಏರಿಯ ಮೇಲೆ ಸಾಲಾಗಿ ನಿಲ್ಲಿಸಿದಳು. ಬೆಳ್ಳಗೆ ಹೊಟ್ಟೆ ಮೇಲಾಗಿ ದಡದುದ್ದಕ್ಕೂ ಮೀನು ಬಿದ್ದಿದ್ದವು. ಕಾರ್ಖಾನೆಗಳ ಮೋರಿ ಬಂದು ಸೇರುವ ಕಡೆ ನೀರು ಕಂದಾಗಿತ್ತು, ವಾರ್ನಿಷ್ ವಾಸನೆ ಮೂಗಿಗೆ ಹತ್ತುತ್ತಿತ್ತು. ಒಂದು ನಾಯಿ ಹತ್ತಿರ ಹೋಗಿ ಮೂಸಿ ಹಿಂದಕ್ಕೆ ಬಂತು. ಕಾಗೆ ಯಾಕೆ ಒಂದೂ ಇಳಿದಿಲ್ಲ ಎಂದು ಕಾವೇರಿ ಕೇಳಿದಳು. ಅವಳು ಕ್ಲಾಸಿನಲ್ಲೇ ಚುರುಕು ಹುಡುಗಿ. ಪಾಠದ ಹುರುಪಿನಲ್ಲಿದ್ದ ಹಂಸ, ಆಮೇಲೆ ಹೇಳ್ತೀನಿ ಎಂದು ಕೈಯಾಡಿಸಿದಳು. ಆ ‘ಆಮೇಲೆ’ ಬರಲೇ ಇಲ್ಲ.

“ಇದು ಗಂಗಮ್ಮನ ಕೋಪನೂ ಅಲ್ಲ, ವಿಷನೂ ಅಲ್ಲ,” ಎಂದಳು. “ಮಳೆ ನೀರಿನ ಜೊತೆ ಕೊಳೆ ಬಂತು, ನೀರಲ್ಲಿದ್ದ ಗಾಳಿ ಕಮ್ಮಿ ಆಯ್ತು. ಮೀನು ಉಸಿರು ಕಟ್ಟಿ ಸತ್ತವು, ಅಷ್ಟೇ.”

ಪುಸ್ತಕದಲ್ಲಿ ಹಾಗೇ ಇತ್ತು. ಅದನ್ನು ಈ ಕೆರೆಗೆ ಹೊಂದಿಸಿ ನೋಡುವ ತಾಳ್ಮೆ ಮಾತ್ರ ಅವಳಿಗೆ ಅಂದು ಇರಲಿಲ್ಲ. ಅಜ್ಜಿಯ ಮಾತನ್ನು ಸುಳ್ಳು ಮಾಡುವ ಅವಸರ ಅಷ್ಟಿತ್ತು.

ಮಾರನೆಯ ದಿನ ಹಾಜರಿ ಕೂಗಿದರೆ ಅರ್ಧ ಕ್ಲಾಸು ಖಾಲಿ. ಕೂತಿದ್ದವರಲ್ಲಿ ಒಬ್ಬಳು, ನಿನ್ನೆ ಶಾಲೆ ಬಿಟ್ಟ ಮೇಲೆ ಅವರೆಲ್ಲ ಕೆರೆಗೆ ವಾಪಸ್ ಹೋಗಿ ಚೀಲಕ್ಕೆ ಮೀನು ತುಂಬಿಕೊಂಡರು ಎಂದಳು. ಹಂಸ ಹಾಜರಿ ಪುಸ್ತಕ ಮೇಜಿನ ಮೇಲೇ ಬಿಟ್ಟು ಮಕ್ಕಳ ಮನೆಯವರಿದ್ದ ತಗಡಿನ ಶೆಡ್ಡುಗಳ ಕಡೆ ಓಡಿದಳು. ಬಾಗಿಲುಗಳೆಲ್ಲ ತೆರೆದೇ ಇದ್ದವು. ಒಳಗೆ ವಾಂತಿಯ ವಾಸನೆ. ಎಲ್ಲರನ್ನೂ ಆಸ್ಪತ್ರೆಗೆ ಒಯ್ದರೆಂದು ಪಕ್ಕದ ಶೆಡ್ಡಿನ ಜಟ್ಟೆಮ್ಮ ಹೇಳಿದಳು.

ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ಕಾವೇರಿಯ ತಾಯಿ ಅಮೃತಮ್ಮ ನೆಲದ ಮೇಲೆ ಕೂತಿದ್ದಳು. ಬೈಯಲಿಲ್ಲ, ಅಳಲೂ ಇಲ್ಲ. “ಮೇಡಂ ವಿಷ ಇಲ್ಲಂದಾರ ಅಂತ ಮಗಳು ಹೇಳಿದ್ಳರಿ. ಅದಕ್ಕ ಸಾರು ಮಾಡಿದೆ,” ಎಂದಳು ಅಷ್ಟೇ. ಅವಳ ಮೂರು ವರ್ಷದ ಮಗ ಶರಣಬಸವ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಒಳಗೆ ಕಾವೇರಿಗೆ ಡ್ರಿಪ್ ಹಾಕಿದ್ದರು. ಮೇಡಂ ಬಂದರೆಂದು ಏಳಲು ನೋಡಿದಳು. ಹಂಸ ಅವಳನ್ನು ಮಲಗಿಸಿ ಕೈ ಹಿಡಿದುಕೊಂಡಳು.

“ಮುಳ್ಳು ಬಿಡಿಸಿ ತಮ್ಮಗ ನಾನ ತಿನ್ಸಿದ್ನಿ, ಮೇಡಂ,” ಎಂದಳು ಹುಡುಗಿ. “ಅದ್ರಾಗ ವಿಷ ಇರ್ಲಿಲ್ಲ, ಹೌದಲ್ರಿ?”

ಇರಲಿಲ್ಲ ಎಂದರೆ ಹುಡುಗಿಗೆ ಸಮಾಧಾನ. ಮೇಡಂನ ಮಾನವೂ ಉಳಿಯುತ್ತಿತ್ತು. ಆದರೆ ಆ ಹುಡುಗಿ ಅವಳ ಮಾತನ್ನು ನಂಬುವವಳು, ವಿಷದ ಮೀನು ಕೆರೆಯಲ್ಲಿ ಇನ್ನೂ ತೇಲುತ್ತಿದ್ದವು.

“ಇತ್ತು ಕಣಮ್ಮ,” ಎಂದಳು ಹಂಸ. “ಇಲ್ಲ ಅಂತ ಹೇಳ್ಕೊಟ್ಟವಳು ನಾನು. ತಿನ್ಸಿದ್ದು ನೀನಲ್ಲ, ನಾನು.”

ಕಾವೇರಿ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದಳು.