ಗೇಟಿನ ಪಕ್ಕ ಬಿಟ್ಟ ಶೂ

ಸಹಕಾರನಗರದ ಆ ಶಾಲೆಯಲ್ಲಿ ಮಗಳಿಗೆ ಆರ್‌ಟಿಇ ಸೀಟು ಸಿಕ್ಕಾಗ ಬೀದಿಗೆಲ್ಲ ಹೇಳಿಕೊಂಡು ಬಂದವಳು ನಾನು. ಫೀಸಿಲ್ಲ, ನಿಜ. ಆದರೆ ಯೂನಿಫಾರ್ಮ್, ಶೂ ನಾವೇ ತರಬೇಕು. ಮನೆಯಲ್ಲಿ ಬ್ಲೌಸ್ ಹೊಲಿಯುವ ನಾನು ಒಂದು ಸೈಜು ದೊಡ್ಡ ಶೂವನ್ನೇ ತಂದು, ಬೆರಳಿನ ಕಡೆಗೆ ಕೆಂಪು ಲೈನಿಂಗ್ ಬಟ್ಟೆಯ ಚೂರು ತುರುಕಿ ಕೊಟ್ಟಿದ್ದೆ. ಎರಡು ವರ್ಷವಾದರೂ ಬಾಳಿಕೆ ಬರಬೇಕಲ್ಲ.

ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ಬರಿಗಾಲ ದಿನ ಮಾಡಿದರು. ಶೂ ಇಲ್ಲದ ಬಡಮಕ್ಕಳ ಕಷ್ಟ ಈ ಮಕ್ಕಳಿಗೂ ತಿಳಿಯಬೇಕಂತೆ. ಎಲ್ಲರೂ ಬರಿಗಾಲಲ್ಲಿ ಬರಬೇಕು, ದಾನಕ್ಕೆ ಹಳೆಯ ಶೂ ತರಬೇಕು. ಮಿಕ್ಕ ಮಕ್ಕಳು ಬರಿಗಾಲಲ್ಲೇ ಕಾರು ಹತ್ತಿ ಬಂದು ಗೇಟಿನಲ್ಲಿ ಇಳಿದವು. ನಾವು ಕೊಡಿಗೇಹಳ್ಳಿಯಿಂದ ನಡೆದು ಬರುವವರು. ದಾರಿಯುದ್ದಕ್ಕೂ ಪೈಪಿಗೆಂದು ಅಗೆದುಬಿಟ್ಟ ಜಲ್ಲಿ, ಒಡೆದ ಗಾಜು. ಶೂ ಹಾಕಿಸಿಯೇ ಕರೆತಂದೆ. ದೇವಸ್ಥಾನದ ಮುಂದೆ ಬಿಡುವ ಹಾಗೆ ಗೇಟಿನ ಪಕ್ಕ ಬಿಟ್ಟು ಒಳಗೆ ಹೋಗು ಎಂದೆ. ಅಲ್ಲೇ ದಾನದ ಚೀಲಗಳೂ ಇದ್ದವು.

ಸಾಯಂಕಾಲ ಶೂ ಇರಲಿಲ್ಲ. ಯಾರೋ ಅದನ್ನೂ ಚೀಲಕ್ಕೆ ತುಂಬಿದ್ದರು. ಚೀಲಗಳನ್ನು ಹಾಲ್‌ಗೆ ಸಾಗಿಸಿ ಬೀಗ ಹಾಕಿ ಆಗಿತ್ತು.

ಮಾರನೆಯ ಬೆಳಿಗ್ಗೆ ಹವಾಯಿ ಚಪ್ಪಲಿಯಲ್ಲಿ ಹೋದ ಮಗಳನ್ನು ವಾಚ್‌ಮನ್ ಗೇಟಿನಲ್ಲೇ ತಡೆದ. "ಶೂ ಇಲ್ದೆ ಒಳಗ್ ಬಿಡಂಗಿಲ್ಲ ಕಣಮ್ಮಾ, ರೂಲ್ಸು." ಅವನ ತಲೆಯ ಮೇಲೆ ಬರಿಗಾಲ ದಿನದ ಬ್ಯಾನರ್ ಇನ್ನೂ ತೂಗುತ್ತಿತ್ತು. ನಾನು ಗಂಟಲು ಹರಿಯುವಂತೆ ಕೂಗಾಡಿದ ಮೇಲೆ ಕ್ಲಾಸ್ ಮಿಸ್ ಬಂದು ಹಾಲ್ ತೆಗೆಸಿ ಚೀಲ ಸುರಿಸಿದರು. ಕೆಂಪು ಲೈನಿಂಗ್ ಕಂಡಿತು.

"ಇದೇ ನಮ್ದು ಮಿಸ್. ಕೊಡಿ, ಹಾಕ್ಬಿಡ್ತೀನಿ."

"ಸ್ವಲ್ಪ ಇರಿ. ಚೀಲ ತಗೊಂಡ್ ಹೋಗೋಕೆ ಚೀಫ್ ಗೆಸ್ಟ್ ಬರ್ತಿದಾರೆ. ಅವ್ರ ಕೈಯಿಂದ್ಲೇ ಕೊಡ್ಸೋಣ. ಪಾಪುಗೂ ಖುಷಿ, ಒಂದು ಫೋಟೋನೂ ಬರತ್ತೆ."

"ಅವಳ ಶೂನೇ ಅವಳಿಗೆ ದಾನ ಮಾಡ್ತೀರಾ?"

"ಅಯ್ಯೋ, ಹಂಗ್ಯಾಕೆ ಅನ್ಕೋತೀರಾ? ಹೆಂಗೂ ಫ್ರೀ ಸೀಟಲ್ವಾ, ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ."

ಫ್ರೀ ಸೀಟು ಎಂಬ ಒಂದು ಮಾತಿಗೆ ಶೂವಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಸೀಟು ಹೋದರೆ ಇನ್ನೆಲ್ಲಿಗೆ ಸೇರಿಸಲಿ?

ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಹವಾಯಿ ಚಪ್ಪಲಿಯನ್ನೂ ಬಿಚ್ಚಿಸಿ ಮಗಳನ್ನು ವೇದಿಕೆ ಹತ್ತಿಸಿದರು. ಚೀಫ್ ಗೆಸ್ಟ್ ಬಗ್ಗಿ ಶೂ ಕೊಟ್ಟು ಕೆನ್ನೆ ತಟ್ಟಿದರು. ಕೆಳಗೆ ಶೂ, ಸಾಕ್ಸ್ ಹಾಕಿಕೊಂಡು ಕೂತ ಮಕ್ಕಳೆಲ್ಲ ಚಪ್ಪಾಳೆ ಹೊಡೆದವು. ಆ ಹಾಲ್‌ನಲ್ಲಿ ಬರಿಗಾಲಲ್ಲಿ ನಿಂತಿದ್ದವಳು ಅವಳೊಬ್ಬಳೇ.

ಸಾಯಂಕಾಲ ಮನೆಗೆ ಬರುವ ದಾರಿಯಲ್ಲಿ ಕೇಳಿದಳು: "ಥ್ಯಾಂಕ್ಯೂ ಹೇಳು ಅಂದ್ರು, ಹೇಳ್ದೆ. ನಮ್ ಶೂಗೆ ನಾವ್ಯಾಕಮ್ಮ ಥ್ಯಾಂಕ್ಯೂ ಹೇಳ್ಬೇಕು?"

ಮುಂದಿನ ವರ್ಷ ಗೇಟಿನ ಮುಂದೆ ನಿಲ್ಲಿಸಿದ ಅಡ್ಮಿಷನ್ ಬೋರ್ಡಿನಲ್ಲಿ ಅದೇ ಫೋಟೋ. ಮಗಳು ದಿನಾ ತಲೆ ತಗ್ಗಿಸಿ ಅದರ ಮುಂದೆ ಓಡಿ ಒಳಗೆ ಹೋಗುತ್ತಿದ್ದಳು. ಶೂ ಅವಳ ಕಾಲಿಗೆ ಸರಿಹೋಗಿ, ನಾನು ಆ ಕೆಂಪು ಚೂರು ಕಿತ್ತು ಬಿಸಾಡಿದ ಮೇಲೂ ಬೋರ್ಡು ಅಲ್ಲೇ ಇತ್ತು.