ಟಾವೆಲ್ಲಿನ ಕೆಳಗೆ ಕೊಂಡ ವಿಲಾಯತಿ ಕಾರು

ನಮ್ಮ ಮನಿಯವರಿಗೆ ಎತ್ತು ಕೊಳ್ಳುವುದು ಚೆನ್ನಾಗಿ ಬರುತ್ತಿತ್ತು. ಹಲ್ಲು ನೋಡುವರು, ಬಾಲ ತಿರುವುವರು, ಹೊಟ್ಟೆಯ ಕೆಳಗೆ ಬಗ್ಗಿ, ಕೇಡು ತರುವ ಕೂದಲ ಸುಳಿ ಇದೆಯೇ ಎಂದು ಹುಡುಕುವರು. ನನ್ನನ್ನು ನೋಡಲು ಬಂದಾಗಲೂ ಅಷ್ಟು ನೋಡಿರಲಿಲ್ಲ. ಅಂಥ ಮನುಷ್ಯ ಹಳೇ ವಿಲಾಯತಿ ಕಾರು ಕೊಳ್ಳಲು ಹೊರಟರು.

ಆಗ ನಾವು ಇಂಡಿ ಕಡೆ ಅಗರಖೇಡದಲ್ಲಿದ್ದೆವು. ಲಿಂಬಿ ತೋಟ, ಜೋಳದ ಹೊಲ, ನನ್ನ ತವರಿನವರು ಕೊಟ್ಟ ಒಂದು ಜೋಡಿ ಬಿಳಿ ಎತ್ತು. ರೈಲ್ವೆ ಸ್ಟೇಶನ್ನಿನಿಂದ ಇಂಡಿಗೆ ಕಾರು ಬಾಡಿಗೆ ಹೊಡೆದರೆ ಕೂತು ಉಣ್ಣಬಹುದು ಎಂದು ಯಾರೋ ಇವರ ತಲೆ ತುಂಬಿದ್ದರು. ಮುದ್ದೇಬಿಹಾಳದ ಒಬ್ಬ ವ್ಯಾಪಾರಿಯ ಹತ್ತಿರ ಕಾರು ಇತ್ತು. ಇವರ ಕೈಯಲ್ಲಿದ್ದ ರೊಕ್ಕ ಸಾಲದ್ದಕ್ಕೆ ನನ್ನ ಎತ್ತುಗಳನ್ನೂ ಅವನಿಗೇ ಕೊಡುವುದು ಅಂತ ಮಾತಾಯಿತು. ಯಾರ ಮಾತು? ನನ್ನನ್ನು ಬಿಟ್ಟು ಎಲ್ಲರ ಮಾತು. ಎತ್ತುಗಳನ್ನೂ ಕೇಳಿರಲಿಲ್ಲ ಬಿಡಿ.

"ಕಾರ ನೋಡಾಕ ನಾನೂ ಬರ್ತೇನಿ" ಅಂದೆ.

"ಕಾರಿಂದು ನಿನಗೇನ ತಿಳೀತೈತಿ?"

"ನಿಮಗ ತಿಳಿಯೂವಷ್ಟ ನನಗೂ ತಿಳೀತೈತ್ರಿ."

ನನ್ನನ್ನೂ ಮುದ್ದೇಬಿಹಾಳದ ಬಸ್ಸು ಹತ್ತಿಸಿದರು.

ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸಂತೆಗೆ ಒಯ್ಯುವ ಮುದಿ ಎತ್ತಿನ ಕೊಂಬಿಗೂ ಹಾಗೇ ಎಣ್ಣೆ ಹಚ್ಚುತ್ತಾರೆ. ಅದು ಇವರಿಗೆ ನೆನಪಾಗಲಿಲ್ಲ.

"ಮುಂಬಯಿ ದೊಡ್ಡ ಸಾಹೇಬರ ಗಾಡಿರಿ" ಅಂದ ವ್ಯಾಪಾರಿ. "ಮನಿಯಿಂದ ಕಚೇರಿ, ಕಚೇರಿಯಿಂದ ಮನಿ. ಅಲ್ಲಿಂದ ನೆಟ್ಟಗ ನನ್ನ ಅಂಗಳಕ್ಕ ಬಂದೈತಿ. ನಮ್ಮ ಕಡಿ ಧೂಳ ಸೈತ ಕಂಡಿಲ್ಲ. ಬೇಕಾದ್ರ ಮೈಲಿ ನೋಡ್ರಿ."

ನಾನು ಎರಡನೇ ಇಯತ್ತೆ ಕಲಿತವಳು, ಅಂಕಿ ಓದಲು ಬರುತ್ತದೆ. ಆ ಮೀಟರು ನೋಡಿದರೆ ಸಾಹೇಬರು ಕಚೇರಿಗೆ ಹೋದದ್ದೇ ಅಪರೂಪ. ಆದರೆ ಕಾಲಿಡುವ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು.

"ಸಾಹೇಬರ ಕಾಲ ಭಾಳ ಭಾರ ಇದ್ದವೇನ್ರಿ?" ಅಂತ ಕೇಳಿದೆ.

"ಬೂಟ ಹಾಕ್ತಿದ್ರಲ್ರಿ ಅವ್ವಾರ!"

"ನೀ ಸುಮ್ಮ ಇರ" ಅಂದರು ಮನಿಯವರು. ಆಮೇಲೆ ಹೆಗಲ ಮೇಲಿನ ಟಾವೆಲ್ ತೆಗೆದರು.

ನಮ್ಮ ಕಡೆ ದನದ ವ್ಯಾಪಾರ ಬಾಯಿಂದ ಆಗುವುದಿಲ್ಲ. ಟಾವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯಬಾರದು ಅಂತ. ಕೈ ಕೊಟ್ಟರೆ ಮುಗಿಯಿತು. ಹಿಂದೆ ಸರಿದವನಿಗೆ ಮುಂದೆ ಯಾರೂ ದನ ತೋರಿಸುವುದಿಲ್ಲ. ಇವರು ಕಾರನ್ನೂ ಹಾಗೇ ಕೊಂಡರು. ಸುತ್ತ ನಿಂತವಳು ನಾನೊಬ್ಬಳೇ. ಗುಟ್ಟು ಯಾರಿಂದ ಅಂತ ತಿಳಿಯಲು ಸಾಲಿ ಕಲಿಯಬೇಕಿಲ್ಲ.

ರೊಕ್ಕ, ಎತ್ತು ಎರಡನ್ನೂ ನಮ್ಮ ಮನೆಯಲ್ಲೇ ಕೊಡುವುದಿತ್ತು. ಹಾಗಾಗಿ ವ್ಯಾಪಾರಿಯೇ ನಮ್ಮನ್ನು ಕಾರಿನಲ್ಲಿ ಕೂಡಿಸಿಕೊಂಡು ಅಗರಖೇಡಕ್ಕೆ ಹೊರಟ. ನಾನು ಎಡಗಡೆ ಹತ್ತಲು ಹೋದರೆ ಓಡಿ ಬಂದ.

"ಹೆಣ್ಮಕ್ಕಳು ಬಲಗಡಿಂದ ಏರಬೇಕ್ರಿ ಅವ್ವಾರ, ಚಲೋ ಆಗತೈತಿ."

ಅಂಥ ಮರ್ಯಾದೆ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಬಸವನ ಬಾಗೇವಾಡಿಯಲ್ಲಿ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದ. ಬಳೆ ಮಾರುವ ಮುಸಲ್ಮಾನರ ಹೆಂಗಸೊಬ್ಬಳು ಬುಟ್ಟಿ ಸಮೇತ ನೇರ ನಮ್ಮ ಕಡೆ ಬಂದು, ಒಳಗೆ ಇಣುಕಿದಳು.

"ಮದುಮಗಳು ಎಲ್ಲದಾಳ್ರಿ?"

"ಯಾವ ಮದುಮಗಳು?" ಅಂದೆ.

"ಮದುವಿ ಕಾರ ಬಂತಲ್ಲ, ಬಳಿ ಏರಸೂದ ಇರತೈತಿ ಅಂತ ಬಂದೆ."

"ಅದು ಬ್ಯಾರೆ ಕಾರ ಇರಬೇಕು, ನಡಿಯವ್ವಾ" ಅಂದ ವ್ಯಾಪಾರಿ.

"ಬ್ಯಾರೆ ಹೆಂಗಾಗತೈತೋ ಎಪ್ಪಾ? ನನ್ನ ಮಗಳ ಮದುವಿಗೆ ಸಿಂದಗಿತನಕಾ ನೀನ ಹೊಡಕೊಂಡ ಬಂದಿದ್ದಿ. ಎಡಗಡಿ ಹಿಂದಿನ ಬಾಗಲ ತೆಗಿಯೂದಿಲ್ಲ ಅಂತ, ಜರಿ ಸೀರಿ ಉಟ್ಟ ಹುಡುಗಿ ಬಲಗಡಿ ಗಟಾರದಾಗ ಇಳೀಬೇಕಾತು. ಮರತಿ?"

ನಾನು ಎಡಗಡೆ ಬಾಗಿಲಿನ ಹಿಡಿಕೆ ಎಳೆದೆ. ಭುಜ ಕೊಟ್ಟು ದೂಡಿದೆ. ಅದು ಗೋಡೆಯ ಹಾಗೆ ಕೂತಿತ್ತು. ಸೀಟಿನ ಸಂದಿಯಲ್ಲಿ ಕೈ ಹಾಕಿದರೆ ಅರಿಷಿಣ ಹತ್ತಿದ ಅಕ್ಕಿಕಾಳು ಮುಷ್ಟಿ ತುಂಬ ಬಂತು, ಜತೆಗೆ ಒಣಗಿದ ಹೂವಿನ ದಂಡೆ. ಮುಂಬಯಿ ಸಾಹೇಬರು ದಿನಾ ಬಾಸಿಂಗ ಕಟ್ಟಿಕೊಂಡು ಕಚೇರಿಗೆ ಹೋಗುತ್ತಿದ್ದರೋ ಏನೋ.

ಅಕ್ಕಿಕಾಳನ್ನು ಮನಿಯವರ ಅಂಗೈಗೆ ಸುರಿದೆ. ಅವರು ಕಾಳು ನೋಡಿದರು, ವ್ಯಾಪಾರಿಯನ್ನು ನೋಡಿದರು, ಮೀಟರು ನೋಡಿದರು. ಮೀಟರಿಗೆ ನಾಚಿಕೆಯೇ ಇರಲಿಲ್ಲ.

"ಏನ ಆದ್ರೂ ಯಜಮಾನ್ರು ಕೈ ಕೊಟ್ಟಾರ" ಅಂದ ವ್ಯಾಪಾರಿ.

"ಕೈ ಕೊಟ್ಟೇನಿ" ಅಂದರು ಇವರು, ಗಲ್ಲಿಗೆ ಹೊರಟವರ ಹಾಗೆ.

ನನ್ನ ಎತ್ತು ಕಣ್ಣ ಮುಂದೆ ಬಂದವು. ಇವರನ್ನೇ ಕೇಳಿದೆ: "ಕೆಟ್ಟ ಸುಳಿ ಮುಚ್ಚಿ ಮಾರಿದ ಎತ್ತ ಏನ ಆಗತೈತ್ರಿ?"

ಇದು ಅವರಿಗೆ ಗೊತ್ತಿದ್ದ ವಿಷಯ. ಬೆನ್ನು ನೆಟ್ಟಗಾಯಿತು. "ಮಾರಿದಾವನ ಗೂಟಕ್ಕ ತಿರುಗಿ ಹೋಗತೈತಿ. ಕೈ ಕೊಟ್ಟಿದ್ರೂ."

ವ್ಯಾಪಾರಿ ನಕ್ಕ. "ಇದು ಎತ್ತಲ್ರಿ ಅವ್ವಾರ, ಕಾರು."

"ಟಾವೆಲ್ಲಿನ ಕೆಳಗ ಮಾರೂ ಮುಂದ ಎತ್ತ ಆಗಿತ್ತಲ್ಲಪಾ?"

ಬಳೆಯವಳು ನಕ್ಕ ನಗೆಗೆ ಬುಟ್ಟಿಯ ಬಳೆಗಳೆಲ್ಲ ಸದ್ದು ಮಾಡಿದವು. ಚಹಾ ಕುಡಿಯುತ್ತಿದ್ದವರು ಕಪ್ಪು ಹಿಡಿದುಕೊಂಡೇ ಹತ್ತಿರ ಬಂದರು. ನಾಲ್ಕು ಜನ ಸೇರಿದರೆ ಬೇರೆ ಗಿರಾಕಿಗಳಿಗೂ ಸುದ್ದಿ ಮುಟ್ಟುತ್ತದೆ ಎಂಬುದು ವ್ಯಾಪಾರಿಗೆ ಗೊತ್ತಿತ್ತು. ನಮ್ಮನ್ನು ಇಳಿಸಿ, ಗಾಡಿ ತಿರುಗಿಸಿಕೊಂಡು ಹೋದ. ನಾನು ಬಲಗಡೆಯಿಂದಲೇ ಇಳಿದೆ, ಚಲೋ ಆಯಿತು.

ಬಳೆಯವಳ ಹತ್ತಿರ ಎರಡೂ ಕೈಗೆ ಹಸಿರು ಬಳೆ ಏರಿಸಿಕೊಂಡೆ. ಮನಿಯವರು ಚೌಕಾಶಿ ಮಾಡದೆ ರೊಕ್ಕ ಕೊಟ್ಟದ್ದು ಜನ್ಮದಲ್ಲಿ ಅದೊಂದೇ ಸಲ.

ಬಸ್ಸು ಹಿಡಿದು ಊರಿಗೆ ಹೊರಟೆವು. ವಿಜಾಪುರ ದಾಟಿದ ಮೇಲೆ, "ನನಗ ಮೊದಲ ಸಂಶೆ ಇತ್ತು" ಅಂದರು ಮನಿಯವರು.

"ಹೌದ್ರಿ, ಅದಕ್ಕ ಟಾವೆಲ್ ಅಷ್ಟ ಬಿಗಿ ಹಿಡಿದಿದ್ರಿ."

ಮನೆಗೆ ಬಂದವರು ನೀರೂ ಕುಡಿಯದೆ ಕೊಟ್ಟಿಗೆಗೆ ಹೋಗಿ, ಎತ್ತುಗಳಿಗೆ ತಾವೇ ಕಣಕಿ ಹಾಕಿ, ಮೈ ಸವರುತ್ತ ನಿಂತರು. ಎತ್ತುಗಳು ಇವರ ಮುಖ ನೋಡಲಿಲ್ಲ, ಕಣಕಿ ನೋಡಿದವು. ನನ್ನ ತವರಿನವು, ಬುದ್ಧಿ ಇತ್ತು.