ಡಿಫರೆನ್ಶಿಯಲ್‌ಗೆ ಇಟ್ಟ ಮುಹೂರ್ತ

ನಮ್ಮ ಲಾರಿ ವೇಣೂರಿನ ಹತ್ತಿರದ ಏರಿನಲ್ಲಿ ನಿಂತುಬಿಟ್ಟ ದಿನ ಊರಿನ ಗಂಡಸರಿಗೆಲ್ಲ ಒಂದು ಕೆಲಸ ಸಿಕ್ಕಿತು. ಕೆಂಪುಕಲ್ಲು ತುಂಬಿಕೊಂಡು ಹತ್ತುವಾಗ ಹಿಂದೆ ಏನೋ ಮುರಿದ ಸದ್ದಾಯಿತಂತೆ. ಡ್ರೈವರ್ ಫೋನ್ ಮಾಡಿ, "ಅಕ್ಕ, ಇಂಜಿನ್ ಉಂಟು, ಗೇರೂ ಬೀಳ್ತದೆ. ಲಾರಿ ಮಾತ್ರ ಹೋಗುವುದಿಲ್ಲ" ಎಂದ. ಹಿಂದಿನ ಚಕ್ರಗಳ ನಡುವೆ ಹೊಟ್ಟೆಯ ಹಾಗೆ ಉಬ್ಬಿಕೊಂಡಿರುವ ಡಿಫರೆನ್ಶಿಯಲ್ ಹೋಗಿತ್ತು. ಅದರೊಳಗೆ ಹಲ್ಲಿನ ಚಕ್ರ ಎರಡಿರುತ್ತವೆ, ದೊಡ್ಡದು ಕ್ರೌನು, ಸಣ್ಣದು ಪಿನಿಯನು. ಎರಡರ ಹಲ್ಲೂ ಉದುರಿತ್ತು.

ಲಾರಿ ಇರುವುದು ನಮ್ಮವರ ಹೆಸರಿನಲ್ಲಿ, ನಮ್ಮವರು ಇರುವುದು ದುಬೈಯಲ್ಲಿ. ಕೋರೆಯಿಂದ ಕಲ್ಲು ಎತ್ತಿಸುವುದು, ಬಂಟ್ವಾಳದಿಂದ ಮೂಡುಬಿದಿರೆಯ ತನಕ ಮನೆ ಕಟ್ಟಿಸುವವರ ಹತ್ತಿರ ಜಗಳವಾಡಿ ಬಾಡಿಗೆ ತರುವುದು ಎಲ್ಲ ನಾನೇ. ಅದಕ್ಕೆ ಮೊದಲು ಬೀಡಿ ಕಟ್ಟುತ್ತಿದ್ದೆ. ಮೊರದ ಮುಂದೆ ತಲೆ ತಗ್ಗಿಸಿ ಕೂತು ಕೂತು ಕುತ್ತಿಗೆಯೇ ಬಗ್ಗಿಹೋಗಿತ್ತು. ಲಾರಿ ಬಂದ ಮೇಲೆ ನನ್ನ ತಲೆ ನೆಟ್ಟಗಾಯಿತು, ನಾಲಿಗೆಯೂ ಉದ್ದವಾಯಿತು ಎಂದು ನೆಂಟರು ಹೇಳುತ್ತಾರೆ. ಸುಳ್ಳಲ್ಲ.

ಕಡಿಮೆ ಖರ್ಚಿನಲ್ಲಿ ಆಗುವುದಾದರೆ ಮಾಡಿಸು, ಮತ್ತೆ ಹಾಳಾದರೆ ಗುಜರಿಗೆ ಕೊಟ್ಟುಬಿಡುವ ಎಂದು ನಮ್ಮವರು ವಿಡಿಯೋ ಕಾಲ್‌ನಲ್ಲಿ ಅಪ್ಪಣೆ ಕೊಟ್ಟರು. ಅವರ ಅಣ್ಣ, ನನ್ನ ದೊಡ್ಡ ಭಾವ, ಅಷ್ಟು ಹೊತ್ತಿಗೆ ಗುಜರಿಯವನಿಗೆ ಫೋನ್ ಮಾಡಿಯೂ ಆಗಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಲಾರಿ ಹೋದರೆ ನಾನು ಪುನಃ ಮೊರದ ಮುಂದೆ.

ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಎಳೆಸಿ ನಮ್ಮ ಅಂಗಳಕ್ಕೆ ತಂದೆವು. ಗ್ಯಾರೇಜಿನ ಖರ್ಚು ಉಳಿಯಿತು, ಚಹಾದ ಖರ್ಚು ಹೆಚ್ಚಾಯಿತು. ದಾರಿಯಲ್ಲಿ ಹೋಗುವವರೆಲ್ಲ ಲುಂಗಿ ಎತ್ತಿ ಕಟ್ಟಿ ಲಾರಿಯ ಅಡಿಗೆ ನುಗ್ಗುವರು, ಒಂದು ಅಭಿಪ್ರಾಯದೊಂದಿಗೆ ಹೊರಬರುವರು. ರಬ್ಬರ್ ಟ್ಯಾಪಿಂಗ್‌ನವನಿಗೂ ಅಭಿಪ್ರಾಯವಿತ್ತು, ನಿವೃತ್ತ ಮಾಸ್ತರರಿಗಂತೂ ಎರಡಿದ್ದವು. ಫೋನನ್ನು ಅಡಿಗೆ ತಳ್ಳಿದರೆ ನಮ್ಮವರು ದುಬೈಯಿಂದಲೇ ನೋಡಿ "ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದರು. ನನ್ನ ಹತ್ತಿರ ಕೇಳುತ್ತಿದ್ದದ್ದು ಸಕ್ಕರೆ ಸಾಕಾ ಎಂದು ಮಾತ್ರ. ಅದೂ ನಾನೇ ಕೇಳುತ್ತಿದ್ದದ್ದು.

ಭಾವ ಬೆಳ್ತಂಗಡಿಗೆ ಹೋಗಿ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು. ಸಂಚಾರಕ್ಕೆ ಏನೋ ತಡೆ ಕಾಣುತ್ತದೆ ಎಂದರಂತೆ ಜೋಯಿಸರು. ಎಷ್ಟು ಸರಿಯಾಗಿ ಹೇಳಿದರು ನೋಡು ಎಂದು ಭಾವ ಬೆರಗಾಗಿ ಬಂದರು. ಲಾರಿ ನಿಂತಿದೆ ಎಂದು ಜೋಯಿಸರಿಗೆ ಮೊದಲು ಹೇಳಿದವರು ಇವರೇ. ಲಾರಿ ಹೊರಡಿಸಲು ಒಂದು ಮುಹೂರ್ತವನ್ನೂ ತಂದಿದ್ದರು: ಬರುವ ಶುಕ್ರವಾರ, ರಾಹುಕಾಲಕ್ಕೆ ಮೊದಲು. ಸಾಮಾನು ಇನ್ನೂ ಬಂದಿರಲಿಲ್ಲ, ಮುಹೂರ್ತ ಬಂದಿತ್ತು.

ಹೊಸ ಸೆಟ್ಟಿನ ಬೆಲೆ ಕೇಳಿ ನಾನು ಅಂಗಡಿಯವನ ಹತ್ತಿರವೇ ನೀರು ಕೇಳಿ ಕುಡಿದೆ. ಕೊನೆಗೆ ಮೆಕ್ಯಾನಿಕ್‌ನನ್ನು ಕರೆದುಕೊಂಡು ಮೂಡುಬಿದಿರೆಯ ಗುಜರಿಗೆ ಹೋದೆ. ಕ್ರೌನು ಒಂದು ಕಡೆ, ಪಿನಿಯನು ಇನ್ನೊಂದು ಕಡೆ ತೆಗೆದರೆ ಅಗ್ಗ ಎಂದು ಭಾವ ಹೇಳಿ ಕಳಿಸಿದ್ದರು. ಮೆಕ್ಯಾನಿಕ್ ಕಿವಿ ಮುಚ್ಚಿಕೊಂಡ. ಗಂಡ ಹೆಂಡತಿಯ ಹಾಗೆ ಎರಡೂ ಜೊತೆಯಲ್ಲೇ ತೇದಿರಬೇಕು, ಬೇರೆ ಬೇರೆ ಕಡೆಯದ್ದು ಸೇರಿಸಿದರೆ ಕೂಗಾಟ ಎಂದ. ನಮ್ಮಲ್ಲಿ ಒಂದು ದುಬೈಯಲ್ಲಿ, ಒಂದು ವೇಣೂರಿನಲ್ಲಿ ತೇಯುತ್ತಿದೆ, ಕೂಗಾಟವೇನೂ ಕಡಿಮೆ ಇಲ್ಲ ಎಂದೆ. ಅವನು ನಗಲಿಲ್ಲ. ಒಂದೇ ಲಾರಿಯಿಂದ ಬಿಚ್ಚಿದ ಜೋಡಿ ಸಿಕ್ಕಿತು. ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲೇ ತಂದೆವು. ಹೊಸದಾಗಿ ತೆಗೆದದ್ದು ಗೇರ್ ಆಯಿಲ್‌ನ ಕ್ಯಾನ್ ಒಂದೇ. ಹಳೆಯ ಎಣ್ಣೆಯೆಲ್ಲ ಬಿಚ್ಚುವಾಗಲೇ ಹರಿದುಹೋಗಿತ್ತು. ಎಣ್ಣೆ ಇಲ್ಲದೆ ಓಡಿದರೆ ಪುನಃ ಹಲ್ಲು ಹೋಗುತ್ತದೆ ಎಂದು ಬಸ್ಸಿನಲ್ಲಿ ಮೆಕ್ಯಾನಿಕ್ ನನಗೆ ಪಾಠ ಮಾಡಿದ್ದ.

ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಮದುವೆಮನೆಯ ಗಡಿಬಿಡಿ. ಅಡಿಯಲ್ಲಿ ಮೆಕ್ಯಾನಿಕ್ ಇನ್ನೂ ಬೋಲ್ಟು ಬಿಗಿಯುತ್ತಿದ್ದಾಗಲೇ ಮೇಲೆ ಮಾಲೆ ಬಿದ್ದಿತ್ತು. ಹೊತ್ತು ಮೀರುತ್ತದೆ ಎಂದು ಭಾವ ಅವನ ಕಾಲು ಹಿಡಿದು ಎಳೆಯುವುದೊಂದು ಬಾಕಿ. ಟಯರಿನ ಅಡಿಗೆ ಲಿಂಬೆಹಣ್ಣು ಇಟ್ಟರು, ತೆಂಗಿನಕಾಯಿ ಒಡೆದರು. ಗುಜರಿಯವನೂ ಬಂದು, ಅವಲಕ್ಕಿ ಪ್ರಸಾದ ತಿನ್ನುತ್ತ ಲಾರಿಯನ್ನು ಅಳೆಯುತ್ತಿದ್ದ. ನಮ್ಮವರೂ ಇದ್ದರು. ಅವರಿಗೆ ಪೂಜೆ ಕಾಣಲಿ ಎಂದು ಭಾವ ಫೋನನ್ನು ಯಾವುದಕ್ಕೋ ಒರಗಿಸಿ ಇಟ್ಟಿದ್ದರು.

ಲಾರಿಯ ಮುಖ ಸರಿಯಾಗಿ ಕಾಣುವುದಿಲ್ಲ ಎಂದು ನಮ್ಮವರು ದೂರಿದರು. ಸರಿ ಮಾಡಲು ನಾನು ಬಗ್ಗಿದೆ. ಫೋನು ಒರಗಿದ್ದದ್ದು ಆಯಿಲ್ ಕ್ಯಾನಿಗೆ. ಅದರ ಸೀಲು ಒಡೆದಿರಲಿಲ್ಲ.

ಮದುವೆಯ ಗಡಿಬಿಡಿಯಲ್ಲಿ ತಾಳಿ ಕಟ್ಟಲು ಮರೆತರು ಎನ್ನುತ್ತಾರಲ್ಲ, ಅದು ಗಾದೆ ಎಂದುಕೊಂಡಿದ್ದೆ. ಡ್ರೈವರ್ ಸೀಟಿನಲ್ಲಿದ್ದ. ನಾನು ಹತ್ತಿ, ಕೈ ಹಾಕಿ ಕೀಲಿ ಕಿತ್ತುಕೊಂಡೆ.

"ಎಣ್ಣೆ ಹಾಕದೆ ಲಾರಿ ಹೊರಡುವುದಿಲ್ಲ ಭಾವ."

"ಮುಹೂರ್ತ ಮೀರ್ತದೆ. ಹೊರಟ ಮೇಲೆ ಹಾಕುವ."

ಮೆಕ್ಯಾನಿಕ್, ಎಣ್ಣೆ ಡ್ರೈವರ್ ಹಾಕಿದ್ದಾನೆ ಎಂದುಕೊಂಡಿದ್ದೆ ಎಂದ. ಡ್ರೈವರ್, ಭಾವ ಹಾಕಿಸಿದ್ದಾರೆ ಎಂದುಕೊಂಡಿದ್ದನಂತೆ. ಎಲ್ಲರೂ ಫೋನಿನ ಕಡೆ ನೋಡಿದರು. ನಮ್ಮವರು ಬಾಯಿ ತೆರೆದರು, ಅಲ್ಲಿಗೆ ನೆಟ್‌ವರ್ಕ್ ಹೋಯಿತು.

ಕೊನೆಗೆ ರಾಜಿಯಾಯಿತು. ಅಷ್ಟೂ ಗಂಡಸರು ಸೇರಿ ನ್ಯೂಟ್ರಲ್‌ನಲ್ಲಿ ಲಾರಿಯನ್ನು ಲಿಂಬೆಹಣ್ಣು ಒಡೆಯುವಷ್ಟು ದೂರ ದೂಡಿದರು. ಮುಹೂರ್ತ ಉಳಿಯಿತು. ಮತ್ತೆ ರಾಹುಕಾಲದಲ್ಲಿ ಕೂತು ಎಣ್ಣೆ ಹಾಕಿಸಿದೆ. ಅದೂ ಮುಗಿದು ಹೊತ್ತಾದ ಮೇಲೆ ಲಾರಿ ಹೊರಟಿತು, ನಿಂತಿದ್ದ ಅದೇ ಏರನ್ನು ಸಣ್ಣಗೆ ಗೊಣಗುತ್ತ ಹತ್ತಿತು, ಇಳಿದು ಬಂತು. ಹತ್ತುವ ಸದ್ದು ಕೇಳಿಯೇ ಗುಜರಿಯವನು ಎಲೆ ಎಸೆದು ಬೈಕ್ ಹತ್ತಿದ್ದ.

ಡ್ರೈವರ್ ಇಳಿದು ಅಭ್ಯಾಸಬಲದಿಂದ ಫೋನಿನ ಹತ್ತಿರ ಹೋದ. ನಮ್ಮವರು ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಂತಿದ್ದರು. ಅವನು ಸ್ವಲ್ಪ ಹೊತ್ತು ಕಾದ, ಭಾವನನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಗುಜರಿಗೆ ಕೊಡುವುದಾ ಅಕ್ಕ, ಲೋಡಿಗೆ ಹೋಗುವುದಾ?"

"ನಾಳೆ ಬೆಳಿಗ್ಗೆ ಕೋರೆಗೆ ಹೋಗುವ," ಎಂದೆ.

ಅಷ್ಟರಲ್ಲಿ ನೆಟ್‌ವರ್ಕ್ ಬಂತು, ನಮ್ಮವರು ಅಲುಗಾಡಿದರು. ಏನು ತೀರ್ಮಾನ ಆಯಿತು ಎಂದು ಕೇಳಿದರು.

ಭಾವ ಫೋನನ್ನು ಕೈಗೆತ್ತಿಕೊಂಡು ಹೇಳಿದರು: "ನೀನು ಹೇಳಿದ ಹಾಗೆಯೇ ಮಾಡಿದೆವು ಮಾರಾಯ."